ಮಾಗಿಯ ಚಳಿಯಲ್ಲಿ ಮನೆಯ ಕಾರು

ಡಿಸೆಂಬರ್ ಹುಟ್ಟಿದ ಮೇಲೆ ಬೆಳಗಿನ ಆರು ಗಂಟೆಗೆ ಯಾವ ಬಡಾವಣೆಯಲ್ಲಿ ನಡೆದು ಹೋದರೂ ಒಂದು ಸದ್ದು ಕಿವಿಗೆ ಬೀಳುತ್ತದೆ. ಗುರ್... ಗುರ್... ಗುರ್... ಆಮೇಲೆ ಒಂದು ‘ಟಿಕ್’. ಅಲ್ಲಿಗೆ ನಿಶ್ಶಬ್ದ. ಯಾರದೋ ಕಾರು ಹೊರಡಲು ಒಲ್ಲೆ ಎಂದಿದೆ. ಮಾಲೀಕರು ಸ್ವೆಟರು, ಮಂಕಿ ಕ್ಯಾಪು ಸಮೇತ ಕೆಳಗಿಳಿದು, ಬಾನೆಟ್ ಎತ್ತಿ, ಕೈಗೆ ಸಿಕ್ಕ ಒಂದೆರಡು ವೈರುಗಳನ್ನು ಅಲುಗಾಡಿಸಿ, ‘ಹಾಳು ಚಳಿ’ ಎಂದು ಹವಾಮಾನವನ್ನು ಬೈಯುತ್ತಾರೆ.

ಪಾಪ, ಇದರಲ್ಲಿ ಚಳಿಯ ತಪ್ಪು ಅಷ್ಟೇನೂ ಇಲ್ಲ.

ಚಳಿಗಾಲದಲ್ಲಿ ಕಾರನ್ನು ನೋಡಿಕೊಳ್ಳುವುದು ಹೇಗೆ ಎಂದು ಪುಸ್ತಕ ತೆರೆದರೆ ಸಿಗುವ ಉಪದೇಶವೆಲ್ಲ ಹಿಮ ಬೀಳುವ ದೇಶಗಳದ್ದು. ಹಿಮದ ಟೈರು ಹಾಕಿಸಿ, ಗಾಜಿನ ಮೇಲಿನ ಐಸು ಕೆರೆಯಿರಿ, ರಸ್ತೆಗೆ ಸುರಿದ ಉಪ್ಪು ತಳಕ್ಕೆ ಮೆತ್ತಿರುತ್ತದೆ, ತೊಳೆಯಿರಿ ಎಂಬಿತ್ಯಾದಿ. ನಮ್ಮ ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಷಿಯಸ್. ಅದೂ 1884ರ ಜನವರಿ 13ರಂದು. ಬೀದರ್, ವಿಜಯಪುರಗಳ ಕಡೆ ಕೆಲವು ವರ್ಷ ಪಾದರಸ ಇನ್ನಷ್ಟು ಕೆಳಗಿಳಿಯುವುದುಂಟು. ಆದರೂ ರೇಡಿಯೇಟರಿನ ನೀರು ಹೆಪ್ಪುಗಟ್ಟುವ ಮಾತು ನಮ್ಮಲ್ಲಿಲ್ಲ. ನಮ್ಮ ಚಳಿಗಾಲ ಬೇರೆ ಜಾತಿಯದು. ಅದರಲ್ಲಿ ಇರುವುದು ಇಬ್ಬನಿ, ಕಾವಳ, ಧೂಳು ಮತ್ತು ಸುಗ್ಗಿ. ಸುಗ್ಗಿಗೂ ಕಾರಿಗೂ ಏನು ಸಂಬಂಧ ಎನ್ನಬೇಡಿ. ನಮ್ಮ ರಾಜ್ಯದಲ್ಲಿ ಚಳಿಗಾಲದಲ್ಲಿ ಕಾರಿಗೆ ಬರುವ ಅತಿ ದೊಡ್ಡ ಗಂಡಾಂತರಗಳಲ್ಲಿ ಒಂದು ಬರುವುದೇ ಅಲ್ಲಿಂದ. ಆ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಆ ‘ಟಿಕ್’ ಶಬ್ದದ ಗುಟ್ಟು ನೋಡೋಣ.

ಕಾರಿನ ಬ್ಯಾಟರಿಯೊಳಗೆ ಇರುವುದು ಸೀಸದ ಫಲಕಗಳು ಮತ್ತು ನೀರು ಬೆರೆತ ಗಂಧಕಾಮ್ಲ. ಇವೆರಡರ ನಡುವಿನ ರಾಸಾಯನಿಕ ಕ್ರಿಯೆಯಿಂದ ಕರೆಂಟು ಹುಟ್ಟುತ್ತದೆ. ಚಳಿ ಹೆಚ್ಚಿದಂತೆ ಈ ಕ್ರಿಯೆ ನಿಧಾನವಾಗುತ್ತದೆ ಎಂಬುದು ನಿಜ. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿಯ ಶಕ್ತಿ ಮೂರರಲ್ಲಿ ಎರಡು ಪಾಲಿಗೆ ಇಳಿದುಬಿಡುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ, ಎಂಜಿನನ್ನು ತಿರುಗಿಸಲು ಸೆಲ್ಫ್ ಮೋಟಾರಿಗೆ ಹೆಚ್ಚು ಬಲ ಬೇಕಾಗುತ್ತದೆ. ಆದರೆ ನಮ್ಮ ಹದಿನಾಲ್ಕು, ಹದಿನೈದು ಡಿಗ್ರಿಯ ಬೆಳಗಿನಲ್ಲಿ ಈ ನಷ್ಟ ಅತ್ಯಲ್ಪ. ಗಟ್ಟಿಮುಟ್ಟಾದ ಬ್ಯಾಟರಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಯಿತು ಎಂದರೆ ಬ್ಯಾಟರಿ ಮೊದಲೇ ಹಾಸಿಗೆ ಹಿಡಿದಿತ್ತು ಎಂದರ್ಥ.

ಹಾಸಿಗೆ ಹಿಡಿಸಿದವರು ಯಾರು? ಕಳೆದ ಬೇಸಿಗೆ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ನಿಂತ ಕಾರಿನ ಬಾನೆಟ್ ಒಳಗಿನ ಕಾವನ್ನು ಊಹಿಸಿಕೊಳ್ಳಿ. ಆ ಕಾವಿಗೆ ಬ್ಯಾಟರಿಯ ನೀರು ಆರುತ್ತದೆ, ಒಳಗಿನ ಫಲಕಗಳು ಬೇಗ ಸವೆಯುತ್ತವೆ. ಬ್ಯಾಟರಿಯನ್ನು ಕೊಲ್ಲುವುದು ಏಪ್ರಿಲ್, ಮೇ. ಸಾವಿನ ಸುದ್ದಿ ಬರುವುದು ಮಾತ್ರ ಡಿಸೆಂಬರಿನಲ್ಲಿ. ಹೀಗಾಗಿ ಮೂರು ವರ್ಷ ದಾಟಿದ ಬ್ಯಾಟರಿ ನಿಮ್ಮ ಕಾರಿನಲ್ಲಿದ್ದರೆ ದೀಪಾವಳಿಯ ಹೊತ್ತಿಗೇ ಒಮ್ಮೆ ಪರೀಕ್ಷೆ ಮಾಡಿಸುವುದು ಜಾಣತನ.

ಪರೀಕ್ಷೆ ಎಂದರೆ ದೊಡ್ಡ ವಿದ್ಯೆಯಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ತೋರಿಸಿದರೆ ಹೊಟ್ಟೆ ತುಂಬಿದೆ. 12.4 ಇದ್ದರೆ ಮುಕ್ಕಾಲು. 12.2 ಎಂದರೆ ಅರ್ಧ. 12ಕ್ಕೆ ಬಂದಿದ್ದರೆ ಕಾಲು ಹೊಟ್ಟೆ. ಇನ್ನೊಂದು ಚಳಿಯ ಬೆಳಗನ್ನು ಅದು ತಡೆದುಕೊಳ್ಳುವುದು ಅನುಮಾನ. ಎಂಜಿನ್ ಓಡುವಾಗ ಅದೇ ಮೀಟರು ಸುಮಾರು 14 ವೋಲ್ಟ್ ತೋರಿಸಬೇಕು. ತೋರಿಸದಿದ್ದರೆ ರೋಗ ಬ್ಯಾಟರಿಯದಲ್ಲ, ಅದಕ್ಕೆ ಊಟ ಬಡಿಸುವ ಆಲ್ಟರ್ನೇಟರಿನದು ಅಥವಾ ಅದರ ಬೆಲ್ಟಿನದು. ಈ ಒಂದು ಅಳತೆ ಮಾಡದೆ ‘ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ’ ಎಂದವರ ಮಾತನ್ನು ತಕ್ಷಣ ನಂಬಬೇಡಿ. ಹೊಸದು ಹಾಕಿಸಿದ ಹದಿನೈದೇ ದಿನಕ್ಕೆ ಮತ್ತೆ ‘ಟಿಕ್’ ಕೇಳಿಸಿಕೊಂಡವರು ಬಹಳ ಮಂದಿ ಇದ್ದಾರೆ.

ಕೆಲವೊಮ್ಮೆ ರೋಗ ಇನ್ನೂ ಸಣ್ಣದು. ಟರ್ಮಿನಲ್‌ಗಳ ಮೇಲೆ ಬಿಳಿ, ಹಸಿರು ಬಣ್ಣದ ಪುಡಿ ಹೂಬಿಟ್ಟಂತೆ ಕೂತಿರುತ್ತದೆ. ಕರೆಂಟು ಅದನ್ನು ದಾಟಿ ಬರಬೇಕಲ್ಲ? ಬೆಚ್ಚನೆಯ ನೀರಿಗೆ ಅಡುಗೆ ಸೋಡ ಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಒರೆಸಿ ಒಣಗಿಸಿ, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಮುಗಿಯಿತು. ಬಿಚ್ಚುವಾಗ ಮೊದಲು ಮೈನಸ್ ಬಿಚ್ಚಬೇಕು, ಕೂಡಿಸುವಾಗ ಕೊನೆಗೆ ಮೈನಸ್. ಕಾರಿನ ಮೈಯೆಲ್ಲ ಮೈನಸ್ಸಿಗೆ ಸೇರಿರುವುದರಿಂದ, ಪ್ಲಸ್ ಮೊದಲು ಬಿಚ್ಚಹೊರಟರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಬ್ಯಾಟರಿಯ ಬಾಯಿಯಿಂದ ಜಲಜನಕ ಅನಿಲ ಹೊರಬರುತ್ತಿರುತ್ತದೆ ಎಂಬುದು ನೆನಪಿರಲಿ. ಬೀಡಿ, ಸಿಗರೇಟು ದೂರವಿರಲಿ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ನಲ್ಲಿ ನೀರಿನ ಲವಣ ಅದಕ್ಕೆ ವಿಷವಿದ್ದಂತೆ.

ಇನ್ನು ಕೆಲವರಿಗೆ ಕಾರು ನಿಂತಲ್ಲೇ ನಿಂತಿರುವ ಸಮಸ್ಯೆ. ಕ್ರಿಸ್‌ಮಸ್ ರಜೆಗೆ ಊರಿಗೆ ಹೋದವರು ಪಕ್ಕದ ಮನೆಯ ಹುಡುಗನಿಗೆ ಕೀಲಿ ಕೊಟ್ಟು, ‘ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಡಪ್ಪಾ’ ಎಂದು ಹೇಳಿ ಹೋಗುತ್ತಾರೆ. ಇದು ಉಪಕಾರವಲ್ಲ, ಅಪಕಾರ. ಸೆಲ್ಫ್ ಹೊಡೆದಾಗ ಖರ್ಚಾದ ಕರೆಂಟು ನಿಂತಲ್ಲಿ ಐದು ನಿಮಿಷ ಓಡಿದರೆ ಸರಿಯಾಗಿ ವಾಪಸ್ಸು ಬರುವುದಿಲ್ಲ. ಹುಡುಗ ನಂಬಿಕಸ್ಥನಾಗಿದ್ದು ಲೈಸೆನ್ಸು ಇದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲಿ. ಇಲ್ಲವಾದರೆ ಮೈನಸ್ ತಂತಿ ಬಿಚ್ಚಿಟ್ಟು ಹೋಗುವುದೇ ಲೇಸು.

ಬೆಳಿಗ್ಗೆ ಎದ್ದು ಕಾರನ್ನು ‘ಕಾಯಿಸುವ’ ಅಭ್ಯಾಸವೂ ಇಂಥದ್ದೇ. ಇದು ಅಂಬಾಸಡರ್, ಪದ್ಮಿನಿ ಕಾಲದಿಂದ ಬಂದ ಆಸ್ತಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ಕ್ಕೂ ಮೊದಲಿಗೆ ಇದ್ದದ್ದು ಕಾರ್ಬುರೇಟರೇ. ಚಳಿಯಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಆಗ ಚೋಕ್ ಎಳೆದು ಗಾಳಿ ಕಡಿಮೆ ಮಾಡಿ, ಪೆಟ್ರೋಲಿನ ಪಾಲು ಹೆಚ್ಚಿಸಿ ಎಂಜಿನನ್ನು ಎಬ್ಬಿಸಬೇಕಿತ್ತು. ಎದ್ದ ಮೇಲೂ ಅದು ಎರಡು ಸಲ ಕೆಮ್ಮಿ ಆರಿಹೋಗುತ್ತಿತ್ತು. ಹತ್ತು ನಿಮಿಷ ಕಾಯಿಸದೆ ಗತಿಯಿರಲಿಲ್ಲ. 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಈಗಿನ ಕಾರು ಎಷ್ಟು ಚಳಿಯಿದೆ ಎಂದು ತಾನೇ ಅಳೆದು, ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನೇ ಬಿಡುತ್ತದೆ. ಚೋಕ್ ಹೋಯಿತು, ಕಾಯಿಸುವ ಚಟ ಉಳಿಯಿತು.

ನಿಂತಲ್ಲಿ ಓಡುವ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಅಷ್ಟು ಹೊತ್ತೂ ಹೆಚ್ಚಿನ ಪೆಟ್ರೋಲು ಒಳಗೆ ಹೋಗಿ, ಸಿಲಿಂಡರಿನ ಗೋಡೆಯ ಮೇಲಿನ ಆಯಿಲಿನ ತೆಳು ಪದರವನ್ನು ತೊಳೆದುಹಾಕುತ್ತದೆ. ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು ಹೊರಟುಬಿಡಿ. ಮೊದಲ ಎರಡು ಮೂರು ಕಿಲೋಮೀಟರ್ ಆಕ್ಸಿಲರೇಟರನ್ನು ಮೆಲ್ಲಗೆ ತುಳಿಯಿರಿ, ಸಾಕು. ಡೀಸೆಲ್ ಕಾರಿನವರು ಕೀಲಿ ತಿರುಗಿಸಿದಾಗ ಸುರುಳಿಯ ಆಕಾರದ ದೀಪವೊಂದು ಹೊತ್ತಿಕೊಂಡರೆ ಅದು ಆರುವ ತನಕ ಕಾದು ಆಮೇಲೆ ಸೆಲ್ಫ್ ಹೊಡೆಯಬೇಕು. ಸಿಲಿಂಡರಿನ ಒಳಗಿನ ಪುಟ್ಟ ಹೀಟರು ಬೆಚ್ಚಗಾಗಲಿ ಎಂದು ಅದು ಕಾಯಿಸುವುದು.

ಸೈಲೆನ್ಸರಿನಿಂದ ಬೆಳಗಿನ ಹೊತ್ತು ಬಿಳಿ ಹೊಗೆ ಬರುತ್ತದೆ, ನೀರು ತೊಟ್ಟಿಕ್ಕುತ್ತದೆ ಎಂದು ಗಾಬರಿಯಾಗುವವರಿದ್ದಾರೆ. ಅದು ಹೊಗೆಯಲ್ಲ, ಉಗಿ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಬೇಸಿಗೆಯಲ್ಲಿ ಅದು ಕಣ್ಣಿಗೆ ಕಾಣದೆ ಹೋಗುತ್ತದೆ, ಚಳಿಯಲ್ಲಿ ನಮ್ಮ ಬಾಯಿಯ ಉಸಿರು ಕಂಡಂತೆ ಕಾಣುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಬಿಳಿ ಉಗಿ ನಿಲ್ಲದೆ ಬರುತ್ತಿದ್ದು, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಆಗ ಮೆಕ್ಯಾನಿಕ್ ಬಳಿ ಓಡಬೇಕು. ದಿನವೂ ಮಗುವನ್ನು ಒಂದು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು ಬರುವುದಕ್ಕಷ್ಟೇ ಕಾರು ತೆಗೆಯುವವರ ಸೈಲೆನ್ಸರಿನಲ್ಲಿ ಈ ನೀರು ಒಣಗುವುದೇ ಇಲ್ಲ. ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಆಯಿಲ್ ಡಬ್ಬಿಯ ಮೇಲೆ 20ಡಬ್ಲ್ಯು-40, 5ಡಬ್ಲ್ಯು-30 ಎಂದೆಲ್ಲ ಬರೆದಿರುತ್ತದಲ್ಲ, ಆ ‘ಡಬ್ಲ್ಯು’ ಎಂದರೆ ವಿಂಟರ್, ಚಳಿಗಾಲವೆಂದೇ. ಮೊದಲ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. ‘ನಮ್ಮ ದೇಶಕ್ಕೆ ದಪ್ಪ ಆಯಿಲೇ ಒಳ್ಳೇದು’ ಎನ್ನುವ ಹಳೆಯ ಮೇಸ್ತ್ರಿಗಳ ಮಾತು ಹಳೆಯ ಎಂಜಿನ್ನುಗಳಿಗೆ ಒಪ್ಪುತ್ತಿತ್ತೇನೋ. ಈಗಿನವಕ್ಕೆ ಕಾರಿನ ಜತೆ ಕೊಟ್ಟ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಹಾಕಿಸಿ.

ಸ್ಟಾರ್ಟ್ ಮಾಡುವ ಮೊದಲು ಬಾನೆಟ್ಟಿಗೆ ಎರಡು ಏಟು ತಟ್ಟುವ ಅಭ್ಯಾಸ ಇಟ್ಟುಕೊಳ್ಳಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಬೀದಿಯ ಬೆಕ್ಕು ಒಳಗೆ ಮಲಗಿರಬಹುದು. ಇಲಿಯಾದರೆ ಮಲಗುವುದಷ್ಟೇ ಅಲ್ಲ, ವೈರುಗಳನ್ನೂ ಕಡಿಯುತ್ತದೆ. ನುಸಿಗುಳಿಗೆ, ಹೊಗೆಸೊಪ್ಪು ಎಂದು ಒಬ್ಬೊಬ್ಬರು ಒಂದೊಂದು ಔಷಧ ಹೇಳುತ್ತಾರೆ. ಕಾರಿನೊಳಗೆ ಬಿಸ್ಕತ್ತಿನ ಚೂರು, ಕಡಲೆಕಾಯಿ ಸಿಪ್ಪೆ ಬೀಳದಂತೆ ನೋಡಿಕೊಳ್ಳುವುದು, ವಾರಕ್ಕೊಮ್ಮೆ ಬಾನೆಟ್ ಎತ್ತಿ ಕಣ್ಣಾಡಿಸುವುದು ಇವೆಲ್ಲಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಕೂಲೆಂಟ್ ವಿಷಯ ಬಂದಾಗ ‘ನಮ್ಮಲ್ಲಿ ಹಿಮ ಬೀಳುತ್ತದೆಯೇ? ನೀರು ಹಾಕಿದರಾಯಿತು’ ಎನ್ನುವವರೇ ಹೆಚ್ಚು. ಕೂಲೆಂಟಿನ ಕೆಲಸ ಹೆಪ್ಪುಗಟ್ಟದಂತೆ ತಡೆಯುವುದು ಮಾತ್ರವಲ್ಲ; ತುಕ್ಕು ತಡೆಯುವುದು, ಕುದಿಯುವ ಮಟ್ಟವನ್ನು ಏರಿಸುವುದು ಸಹ. ಕೊಳವೆ ಬಾವಿಯ ಗಡಸು ನೀರು ಸ್ನಾನದ ಮನೆಯ ನಲ್ಲಿಗೆ ಏನು ಮಾಡುತ್ತದೆಂದು ಎಲ್ಲರಿಗೂ ಗೊತ್ತು. ಎಂಜಿನ್ನಿನ ಒಳಗಿನ ಸಣ್ಣ ದಾರಿಗಳಿಗೂ ಅದನ್ನೇ ಮಾಡುತ್ತದೆ. ಒಂದು ಎಚ್ಚರಿಕೆ: ಸಾಮಾನ್ಯವಾಗಿ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ಘೋರ ವಿಷ. ಹಳೆಯದನ್ನು ಬಸಿದು ಬಟ್ಟಲಲ್ಲಿ ಇಟ್ಟು ಮರೆತರೆ ನಾಯಿ ನೆಕ್ಕಬಹುದು, ಮಗು ಬೆರಳದ್ದಬಹುದು.

ರಜೆಗೆಂದು ಇಲ್ಲಿಂದಲೇ ಕಾರಿನಲ್ಲಿ ಹಿಮಾಚಲದತ್ತ ಹೊರಡುವ ಹುರುಪಿನವರಿಗೆ ಮಾತ್ರ ಪುಸ್ತಕದ ಚಳಿಗಾಲ ಎದುರಾಗುತ್ತದೆ. 2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದಾಚೆಗಿನ ಲಾಹೌಲಿಗೆ ಚಳಿಗಾಲದಲ್ಲೂ ಹೋಗಿಬರುವುದು ಸಾಧ್ಯವಾಗಿದೆ. ಅಲ್ಲಿ ರೇಡಿಯೇಟರಿನಲ್ಲಿ ಬರೀ ನೀರಿದ್ದರೆ ರಾತ್ರಿ ಹೆಪ್ಪುಗಟ್ಟಿ, ನೂರಕ್ಕೆ ಒಂಬತ್ತು ಪಾಲು ಹಿಗ್ಗಿ, ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ಅರ್ಧಕ್ಕರ್ಧ ಕೂಲೆಂಟ್ ಬೆರೆತಿದ್ದರೆ ಮೈನಸ್ 35 ಡಿಗ್ರಿಯವರೆಗೂ ಭಯವಿಲ್ಲ. ಡೀಸೆಲ್ಲಿನಲ್ಲಿ ಮೇಣದ ಅಂಶವಿರುವುದರಿಂದ ಕಡುಚಳಿಗೆ ಅದು ತುಪ್ಪದಂತೆ ಗಟ್ಟಿಯಾಗುತ್ತದೆ. ಲಡಾಖಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಮೈನಸ್ 33ರಲ್ಲೂ ಹರಿಯುವ ಚಳಿಗಾಲದ ಡೀಸೆಲ್ ಹೊರತಂದಿತು. ಬಯಲುಸೀಮೆಯಲ್ಲಿ ತುಂಬಿಸಿದ ಟ್ಯಾಂಕಿನೊಂದಿಗೆ ಮೇಲೇರಿ ರಾತ್ರಿ ಹೊರಗೆ ನಿಲ್ಲಿಸಿದವರಿಗೆ ಬೆಳಿಗ್ಗೆ ತೊಂದರೆ ತಪ್ಪಿದ್ದಲ್ಲ. ಅಲ್ಲಿ ಹ್ಯಾಂಡ್ ಬ್ರೇಕ್ ಎಳೆದಿಡದೆ, ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು ವಾಡಿಕೆ; ಎಳೆದ ಬ್ರೇಕು ಹೆಪ್ಪುಗಟ್ಟಿ ಅಲ್ಲೇ ಕಚ್ಚಿಕೊಳ್ಳಬಹುದು.

ನಮ್ಮ ನೆಲಕ್ಕೆ ಮರಳೋಣ. ಮಾಗಿಯಲ್ಲಿ ಮಧ್ಯಾಹ್ನ ಮೂವತ್ತು ಡಿಗ್ರಿ, ಮುಂಜಾನೆ ಹನ್ನೆರಡು. ಈ ಹದಿನೆಂಟು ಡಿಗ್ರಿಯ ಅಂತರಕ್ಕೆ ಟೈರಿನ ಗಾಳಿ ಸುಮಾರು ಮೂರು ಪೌಂಡ್ ಇಳಿಯುತ್ತದೆ. ಹೊಸ ಕಾರುಗಳಲ್ಲಿ ಬೆಳಿಗ್ಗೆ ಟೈರಿನ ದೀಪ ಹೊತ್ತಿಕೊಂಡು ಹತ್ತು ಗಂಟೆಗೆ ತಾನೇ ಆರಿಹೋಗುವ ಚಮತ್ಕಾರದ ಕಾರಣ ಇದೇ. ಗಾಳಿ ನೋಡುವುದಿದ್ದರೆ ಟೈರು ತಣ್ಣಗಿರುವಾಗ, ಮನೆಯ ಹತ್ತಿರದ ಬಂಕಿನಲ್ಲೇ ನೋಡಿಸಿ.

ಕಾರು ಒರೆಸುವ ಬಗ್ಗೆ ಒಂದು ಮಾತು. ಚಳಿಗಾಲ ಧೂಳಿನ ಕಾಲವೂ ಹೌದು. ಧೂಳಿನ ಮೇಲೆ ಇಬ್ಬನಿ ಬಿದ್ದರೆ ಅದು ಉಪ್ಪುಕಾಗದವಾದಂತೆ. ನೀರು ತಣ್ಣಗಿದೆ ಎಂದು ಬರೀ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣದ ಮೇಲೆ ಸಾವಿರ ಗೀರು. ಮೊದಲು ಒಂದು ಬಕೆಟ್ ನೀರು ಸುರಿಯಿರಿ. ವೈಪರ್ ಹಾಕುವುದಿದ್ದರೂ ಅಷ್ಟೇ, ಮೊದಲು ನೀರು ಚಿಮ್ಮಿಸಿ. ಮಡಿಕೇರಿ, ಚಿಕ್ಕಮಗಳೂರಿನ ಕಡೆ ಗಾಜು ಬೇಗ ತಿಳಿಯಾಗಲೆಂದು ಹಂಡೆಯ ಬಿಸಿನೀರು ಎರಚುವ ಸಾಹಸ ಬೇಡ, ಗಾಜು ಸೀಳಬಹುದು. ಜನವರಿಯಲ್ಲಿ ಮಾವು ಹೂ ಬಿಟ್ಟಾಗ ಆ ಮರದ ನೆರಳಿನಿಂದಲೂ ಕಾರು ದೂರವಿರಲಿ. ಜಿಗಿಹುಳುಗಳು ಸುರಿಸುವ ಅಂಟು ಒಣಗಿದರೆ ಬಿಡಿಸುವುದು ಹರಸಾಹಸ.

ಗಾಜು ಒಳಗಿನಿಂದ ಮಬ್ಬಾದಾಗ ಎಡಗೈಯಲ್ಲಿ ಕರವಸ್ತ್ರ ಹಿಡಿದು ಒರೆಸುತ್ತಾ, ಬಲಗೈಯಲ್ಲಿ ಸ್ಟೇರಿಂಗ್ ಹಿಡಿದು ಹೋಗುವವರನ್ನು ಕಂಡಾಗ ಹೆದರಿಕೆಯಾಗುತ್ತದೆ. ನಮ್ಮ ಉಸಿರಿನ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುವುದೇ ಈ ಮಬ್ಬು. ಚಳಿಗಾಲದಲ್ಲಿ ಏಸಿ ಯಾಕೆ ಎಂದು ಕೇಳಬೇಡಿ. ಏಸಿ ಗಾಳಿಯನ್ನು ತಣ್ಣಗೆ ಮಾಡುವುದರ ಜತೆಗೆ ಅದರ ತೇವವನ್ನೂ ಹಿಂಡಿ ತೆಗೆಯುತ್ತದೆ. ಏಸಿ ಹಾಕಿ, ಹೀಟರಿನ ಗುಂಡಿಯನ್ನು ಬೆಚ್ಚಗಿನ ಕಡೆಗೆ ತಿರುಗಿಸಿ, ಗಾಳಿ ಗಾಜಿನ ಮೇಲೆ ಬೀಳುವಂತೆ ಮಾಡಿ, ಹೊರಗಿನ ಗಾಳಿ ಬರುವಂತೆ ಬಿಟ್ಟರೆ ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ.

ಗಾಜಿನ ಹೊರಗಿನ ಮಂಜನ್ನು ಒರೆಸಲು ಇಂಥ ಗುಂಡಿ ಯಾವುದೂ ಇಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಬೇಗ ತಣ್ಣಗಾಗಿ, ಕೆರೆ, ನಾಲೆ, ಗದ್ದೆಯ ಮೇಲಿನ ತೇವವೆಲ್ಲ ಬೆಳಗಿನ ಜಾವಕ್ಕೆ ಕಾವಳವಾಗಿ ರಸ್ತೆಗೆ ಕವಿಯುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಸುಕಿನಲ್ಲಿ ಹೊರಡುವವರಿಗೆ ಇದರ ಪರಿಚಯವಿದೆ. ಅಂಥ ಹೊತ್ತಿನಲ್ಲಿ ಬ್ರೈಟ್ ಲೈಟ್ ಹಾಕಿದರೆ ಬೆಳಕು ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಡಿಮ್ ಲೈಟು, ಇದ್ದರೆ ಫಾಗ್ ಲ್ಯಾಂಪು, ಅಷ್ಟೇ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವುದು ಈಗ ಒಂದು ಫ್ಯಾಷನ್ನಾಗಿದೆ. ಹಾಗೆ ಮಾಡಿದರೆ ನೀವು ನಿಂತಿದ್ದೀರೋ, ಚಲಿಸುತ್ತಿದ್ದೀರೋ, ಎಡಕ್ಕೆ ತಿರುಗುತ್ತೀರೋ ಎಂದು ಹಿಂದಿನವನಿಗೆ ತಿಳಿಯುವುದೇ ಇಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡ್. ಆಮೇಲೆ ಕಾರು ನಿಲ್ಲಲು, ರಸ್ತೆ ಒಣಗಿದ್ದರೂ, ಇನ್ನೊಂದು 20 ಮೀಟರ್ ಬೇಕು. ಮಂಜಿನಲ್ಲಿ ಕಾಣುವುದೇ 30 ಮೀಟರ್ ಎಂದಿಟ್ಟುಕೊಳ್ಳಿ. ಕಂಡದ್ದಕ್ಕೆ ಗುದ್ದಿಯೇ ನಿಲ್ಲಬೇಕು. ಅದೇ 40ರಲ್ಲಿದ್ದರೆ ಸುಮಾರು 20 ಮೀಟರಿನಲ್ಲಿ ನಿಲ್ಲಬಹುದು. ದೆಹಲಿ ಕಡೆಯ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲ ಬಂದರೆ ಕಾರುಗಳ ವೇಗದ ಮಿತಿಯನ್ನು 100ರಿಂದ 75ಕ್ಕೆ ಇಳಿಸುವುದು ಇದೇ ಕಾರಣಕ್ಕೆ.

ಹಾಗೆ ಮಂಜಿನೊಳಗೆ ಕಾಣದೆ ನಿಂತಿರುವುದು ಏನು? ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಡೆಯವರನ್ನು ಕೇಳಿ. ಕಬ್ಬಿನ ಗಾಡಿ. ಚಳಿಗಾಲವೆಂದರೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಕಾಲ. ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು, ಎರಡೂ ಬದಿಗೆ ಚಾಚಿಕೊಂಡ ಕಬ್ಬು. ಹಿಂದೆ ಕೆಂಪು ದೀಪವಿರುವುದಿಲ್ಲ; ರಿಫ್ಲೆಕ್ಟರ್ ಇದ್ದರೂ ಸೋಗೆಯ ಮರೆಯಲ್ಲಿ. ರಾತ್ರಿ ಕಾರ್ಖಾನೆಯ ಸರದಿಯಲ್ಲಿ ನಿಂತು ದಣಿದ ಡ್ರೈವರು ರಸ್ತೆಯ ಮೇಲೇ ಗಾಡಿ ನಿಲ್ಲಿಸಿ ಚಹಾಕ್ಕೆ ಹೋಗಿರುತ್ತಾನೆ. ಆ ಕಡೆಯ ರಸ್ತೆಗಳಲ್ಲಿ ನಸುಕಿನಲ್ಲಿ ಹೋಗುವಾಗ ಎಡಬದಿಗೆ ಕತ್ತಲೆಯ ಗುಡ್ಡೆಯೊಂದು ಕಂಡರೆ ಅದು ಮರವೆಂದು ತಿಳಿಯದೆ ಕಬ್ಬಿನ ಗಾಡಿಯೆಂದೇ ತಿಳಿದು ನಿಧಾನಿಸಿ. ನಾಲೆಯ ಏರಿಯ ಮೇಲಿನ ರಸ್ತೆಯಾದರೆ, ತಡೆಗೋಡೆಯಿಲ್ಲದ ಕಡೆ ಅಂಚನ್ನು ನಂಬಬೇಡಿ. ಹೊತ್ತು ಮೂಡಿ ಒಂದು ಗಂಟೆಯಾದ ಮೇಲೆ ಹೊರಟರೆ ಏನೂ ಮುಳುಗಿಹೋಗುವುದಿಲ್ಲ.

ಈಗ ಸುಗ್ಗಿಯ ಮಾತು. ಚಾಮರಾಜನಗರ, ಮೈಸೂರು, ತುಮಕೂರು, ಕೋಲಾರ, ಎಲ್ಲಿಯೇ ಹೋಗಿ, ಡಿಸೆಂಬರ್ ಜನವರಿಯಲ್ಲಿ ಡಾಂಬರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡ ರಸ್ತೆಯುದ್ದಕ್ಕೂ ಹಾಸಿರುತ್ತಾರೆ. ವಾಹನಗಳ ಗಾಲಿ ಹರಿದು ಕಾಳು ಉದುರಲಿ ಎಂಬ ಲೆಕ್ಕ. ದನ ಕಟ್ಟಿ ರೋಣಗಲ್ಲು ಎಳೆಸುವ ಕಾಲ ಹೋಯಿತು, ಆಳು ಸಿಗುವುದಿಲ್ಲ, ಕಣ ಮಾಡಲು ಬಿಡುವ ಜಾಗವೂ ಉಳಿದಿಲ್ಲ. ರೈತನ ಕಷ್ಟ ಗೊತ್ತಿಲ್ಲದೆ ಹೇಳುವ ಮಾತಲ್ಲ ಇದು. ಸರ್ಕಾರ ಕೆಲವು ಊರುಗಳಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಟ್ಟದ್ದೂ ಇದೆ, ರಸ್ತೆಯಲ್ಲಿ ಒಕ್ಕಣೆ ಮಾಡಬಾರದೆಂದು ಅಧಿಕಾರಿಗಳು ಪ್ರಕಟಣೆ ಹೊರಡಿಸುವುದೂ ಇದೆ. ಆದರೂ ಹುರುಳಿ ರಸ್ತೆಗೆ ಬರುವುದು ನಿಂತಿಲ್ಲ.

ರಾಗಿ ಹುಲ್ಲಿನ ಮೇಲೆ ಬೈಕಿನವರು ಜಾರುತ್ತಾರೆ. ಕಾರಿಗೆ ನಿಜವಾದ ಶತ್ರು ಹುರುಳಿ. ಅದರ ಗಿಡ ಬಳ್ಳಿಯ ಹಾಗೆ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಗಾಲಿ ಅದರ ಮೇಲೆ ಹರಿದಾಗ ಸೊಪ್ಪು ಮೇಲೆದ್ದು, ತಿರುಗುವ ಆಕ್ಸಲಿಗೆ ನೂಲು ಸುತ್ತಿದ ಹಾಗೆ ಸುತ್ತಿಕೊಳ್ಳುತ್ತದೆ. ಒಂದಷ್ಟು ಸೈಲೆನ್ಸರ್ ಪೈಪಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಪೈಪಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವುದೇ ನೂರಾರು ಡಿಗ್ರಿಯ ಬಿಸಿಯಲ್ಲಿ. ಗರಗರನೆ ಒಣಗಿದ ಸೊಪ್ಪಿಗೆ ಅಷ್ಟು ಸಾಕು. ಓಡುವ ಕಾರಿನ ಗಾಳಿಯೇ ಊದುಗೊಳವೆ. ಹುರುಳಿ ಸೊಪ್ಪು ಸಿಕ್ಕಿ ಕಾರು ಸುಟ್ಟು ಕರಕಲಾದ ಸುದ್ದಿಯನ್ನು ನೀವು ಇದೇ ಪುಟಗಳ ಆಚೀಚೆ ಒಂದಲ್ಲ, ಹಲವು ಸಲ ಓದಿರುತ್ತೀರಿ. ಕೆಲವು ಸಲ ಒಳಗಿದ್ದವರೂ ಬದುಕಲಿಲ್ಲ.

ಮುಂದೆ ಹುರುಳಿ ಹಾಸಿದ್ದು ಕಂಡರೆ ನಿಲ್ಲಿಸಿ. ಪಕ್ಕದಲ್ಲಿ ದಾರಿಯಿದ್ದರೆ ಬಳಸಿ ಹೋಗಿ. ಇಲ್ಲವಾದರೆ ಇಳಿದು, ‘ಅಣ್ಣಾ, ಒಂದು ಗಾಲಿ ಹೋಗೋವಷ್ಟು ಸರಿಸಿಕೊಡಿ’ ಎಂದು ಕೇಳಿ. ಸರಿಸಿಕೊಡದವರನ್ನು ನಾನಂತೂ ಕಂಡಿಲ್ಲ. ಹಾರ್ನ್ ಬಾರಿಸಿ ಬೈದವರಿಗೆ ಸಿಗುವ ಮರ್ಯಾದೆಯೇ ಬೇರೆ. ಹೇಗೂ ಹಾಯಲೇಬೇಕಾಗಿ ಬಂದರೆ ದಾಟಿದ ನೂರು ಮೀಟರಿಗೆ ಸೊಪ್ಪಿಲ್ಲದ ಬರಿಯ ಡಾಂಬರಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ಕೆಳಗೆ ನೋಡಿ. ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ, ಬರಿಗೈಯಿಂದ ಬೇಡ. ಹಾಸಿದ ಸೊಪ್ಪಿನ ಮೇಲೇ ಕಾರು ನಿಲ್ಲಿಸಿ ಫೋನಿನಲ್ಲಿ ಮಾತನಾಡುತ್ತಾ ಕೂರುವಷ್ಟು ಅಪಾಯ ಬೇರೊಂದಿಲ್ಲ.

ಸುಟ್ಟ ವಾಸನೆ ಬಂದರೆ ‘ಮುಂದಿನ ಊರಿನಲ್ಲಿ ನೋಡೋಣ’ ಎನ್ನಬೇಡಿ. ಒಣ ಸೊಪ್ಪಿನಿಂದ ಆಚೆಗೆ ತಂದು, ಎಂಜಿನ್ ಆರಿಸಿ, ಮೊದಲು ಬಾಗಿಲುಗಳ ಲಾಕ್ ತೆಗೆಯಿರಿ. ವೈರು ಸುಟ್ಟರೆ ಆಮೇಲೆ ಅದು ತೆರೆಯದಿರಬಹುದು. ಹಿಂದಿನ ಸೀಟಿನ ಮಕ್ಕಳು, ವಯಸ್ಸಾದವರು ಮೊದಲು ಇಳಿಯಲಿ. ಬಾನೆಟ್ಟಿನಿಂದ ಹೊಗೆ ಬರುತ್ತಿದ್ದರೆ ಅದನ್ನು ಎತ್ತಬೇಡಿ, ಗಾಳಿ ನುಗ್ಗಿ ಬೆಂಕಿ ಭಗ್ಗೆನ್ನುತ್ತದೆ. ಎಲ್ಲರೂ ದೂರ ಸರಿದು 112ಕ್ಕೆ ಫೋನ್ ಮಾಡಿ. ಡಿಕ್ಕಿಯಲ್ಲಿರುವ ಸೂಟ್‌ಕೇಸಿಗೆಂದು ಯಾರನ್ನೂ ವಾಪಸ್ಸು ಬಿಡಬೇಡಿ.

ಇದೇ ತಿಂಗಳುಗಳು ಮಾಲೆ ಹಾಕಿದವರು ಶಬರಿಮಲೆಗೆ ಹೊರಡುವ ಕಾಲವೂ ಹೌದು. ನವೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗೆ ರಾತ್ರಿಯಿಡೀ ಓಡುವ ಕಾರು, ಜೀಪುಗಳು. ರಾತ್ರಿ ಎರಡರಿಂದ ಐದರವರೆಗಿನ ನಿದ್ದೆ ಹಾಡು ಹಾಕಿದರೆ, ಕಿಟಕಿ ಇಳಿಸಿದರೆ ಹೋಗುವಂಥದ್ದಲ್ಲ. ಮಲಗಲೇಬೇಕು. ಆದರೆ ಹೇಗೆ ಮಲಗುತ್ತೀರಿ ಎಂಬುದು ಮುಖ್ಯ. ಹೊರಗೆ ಕೊರೆಯುವ ಚಳಿಯೆಂದು ಗಾಜುಗಳನ್ನೆಲ್ಲ ಏರಿಸಿ, ಎಂಜಿನ್ ಓಡಲು ಬಿಟ್ಟು, ಹೀಟರ್ ಹಾಕಿಕೊಂಡು ನಿದ್ದೆ ಹೋದರೆ, ಸೈಲೆನ್ಸರಿನ ಎಲ್ಲೋ ಒಂದು ತೂತಿನಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಜೋಂಪು. ಮಲಗಿದ್ದವರಿಗೆ ಅದೂ ತಿಳಿಯುವುದಿಲ್ಲ. ಮನೆಯ ಶೆಡ್ಡಿನಲ್ಲಿ ಶಟರ್ ಎಳೆದುಕೊಂಡೇ ಬೆಳಿಗ್ಗೆ ಕಾರು ‘ಕಾಯಿಸುವ’ವರಿಗೂ ಇದೇ ಮಾತು ಅನ್ವಯ. ಶಟರ್ ಪೂರ್ತಿ ಎತ್ತಿ, ಕಾರನ್ನು ಹೊರಗೆ ತಂದು, ಆಮೇಲೆ ಬೇಕಾದರೆ ಗೇಟು ಹಾಕಲು ಇಳಿಯಿರಿ. ಯಾರಿಗಾದರೂ ಕಾರಿನೊಳಗೆ ತಲೆ ಸುತ್ತಿದಂತಾದರೆ ಮೊದಲು ಬಯಲಿಗೆ ಎಳೆದು ತಂದು ಗಾಳಿಯಾಡುವಂತೆ ಮಾಡಿ, 108ಕ್ಕೆ ಕರೆ ಹೋಗಲಿ.

ದಾರಿಯಲ್ಲಿ ಮಲಗುವುದಿದ್ದರೆ ಬೆಳಕಿರುವ ಪೆಟ್ರೋಲ್ ಬಂಕಿನ ಆವರಣದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎರಡು ಕಿಟಕಿಗಳನ್ನು ಬೆರಳಷ್ಟು ಇಳಿಸಿ. ಹೀಟರಿನ ಬದಲು ಹೊರಡುವ ಮುನ್ನವೇ ಡಿಕ್ಕಿಯಲ್ಲಿ ತಲೆಗೊಂದರಂತೆ ಕಂಬಳಿ ಹಾಕಿಕೊಳ್ಳಿ.